ಟವೆಲಿನ ಕೆಳಗೆ ನಾಲ್ಕು ದಿನ

ದೊಡ್ಡಪ್ಪನ ಬಲಗೈ ಎಡಗೈಗಿಂತ ಬೆಳ್ಳಗಿತ್ತು. ಎರಡನ್ನೂ ಜೋಡಿಸಿ ಹಿಡಿದರೆ ಇಬ್ಬರು ಬೇರೆ ಬೇರೆ ಮನುಷ್ಯರ ಕೈಗಳಂತೆ ಕಾಣುತ್ತಿದ್ದವು. ಆದವಾನಿಯ ಬಿಸಿಲಿಗೆ ಎಡಗೈ ಸುಟ್ಟ ಹಂಚಿನ ಬಣ್ಣಕ್ಕೆ ತಿರುಗಿತ್ತು. ಬಲಗೈ ಮಾತ್ರ ಮಣಿಕಟ್ಟಿನಿಂದ ಕೆಳಗೆ ನೆರಳಿನಲ್ಲಿ ಬೆಳೆದ ಗಿಡದ ಹಾಗೆ ತಿಳಿಯಾಗಿ ಉಳಿದಿತ್ತು. ಹಗಲೆಲ್ಲ ಆ ಕೈ ಟವೆಲಿನ ಕೆಳಗಿರುತ್ತಿತ್ತು, ಅಷ್ಟೇ ಕಾರಣ.

ಅವನು ಹತ್ತಿ ದಲ್ಲಾಳಿ. ಅವನ ಕಾಲದಲ್ಲಿ ಹತ್ತಿ ಮಾರುಕಟ್ಟೆಯ ಯಾರ್ಡಿನಲ್ಲಿ ದರವನ್ನು ಯಾರೂ ಕೂಗುತ್ತಿರಲಿಲ್ಲ. ದಲ್ಲಾಳಿ ತನ್ನ ಹೆಗಲ ಮೇಲಿನ ಟವೆಲನ್ನು ಎದುರಿನವನ ಕೈಮೇಲೆ ಹಾಸಿ, ಅದರ ಕೆಳಗೆ ಅವನ ಬೆರಳು ಹಿಡಿಯುತ್ತಿದ್ದ. ಒಂದು ಬೆರಳು ಹಿಡಿದರೆ ಒಂದು, ನಾಲ್ಕು ಹಿಡಿದರೆ ನಾಲ್ಕು, ಇಡೀ ಕೈ ಹಿಡಿದರೆ ಐದು. ನೂರೋ ಸಾವಿರವೋ ಎಂಬುದನ್ನಷ್ಟೇ ಬಾಯಿಬಿಟ್ಟು ಹೇಳಬೇಕು. ಹೆಬ್ಬೆರಳಿಗೆ ಹೆಬ್ಬೆರಳು ಒತ್ತಿದರೆ ವ್ಯಾಪಾರ ಕುದುರಿದ ಹಾಗೆ. ಆಮೇಲೆ ಮಾರುಕಟ್ಟೆ ಮುಳುಗಿಹೋದರೂ ಹಿಂದೆ ಸರಿಯುವಂತಿಲ್ಲ.

"ಬಾಯಾಗ ಕೊಟ್ಟಿದ್ದು ಗಾಳಿಗೆ ಹೋಗತೈತಿ. ಕೈಯಾಗ ಕೊಟ್ಟಿದ್ದು ಕೈಯಾಗ ಉಳಿತೈತಿ," ಎನ್ನುತ್ತಿದ್ದ.

ನಾನು ಎಣಿಸಲು ಕಲಿತದ್ದು ಆ ಟವೆಲಿನ ಕೆಳಗೇ. ಶಾಲೆಯಲ್ಲಿ ಒಕಟಿ, ರೆಂಡು ಎಂದು ತೆಲುಗಿನಲ್ಲಿ ಹೇಳಿಕೊಡುವ ಮೊದಲೇ ನನ್ನ ಬೆರಳುಗಳಿಗೆ ಒಂದರಿಂದ ಐದು ಗೊತ್ತಿತ್ತು. ಸಂಜೆ ಯಾರ್ಡಿನಿಂದ ಬಂದವನು ಟವೆಲು ಹಾಸಿ, "ಹೇಳು, ಎಷ್ಟು ಹಿಡಿದೀನಿ?" ಎನ್ನುವನು. ನಾನು ಬಾಯಿಬಿಟ್ಟು ಹೇಳಿದರೆ ಸೋತಂತೆ. ಅಷ್ಟೇ ಬೆರಳು ತಿರುಗಿ ಹಿಡಿದರೆ ಗೆದ್ದಂತೆ. ಈಗ ನಾನು ಲೆಕ್ಕದ ಟೀಚರು. ಪ್ರತಿದಿನ ಡೈರಿ ಬರೆಯುತ್ತೇನೆ. ಮಳೆ ಬಂದ ದಿನ, ಕರೆಂಟು ಹೋದ ಹೊತ್ತು, ಎಲ್ಲಕ್ಕೂ ಗೀಟು ಎಳೆದಿಡುತ್ತೇನೆ. ಈ ಚಟದ ಬೇರು ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ.

ಆದರೆ ದೊಡ್ಡಪ್ಪನಿಗೆ ಕೂರಲು ಬರುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತರೂ ಒಂದು ಹಿಮ್ಮಡಿ ಎತ್ತಿಯೇ ಇರುತ್ತಿತ್ತು. ಅರ್ಧ ರೊಟ್ಟಿ ತಿಂದು ಎದ್ದು ಬಾಗಿಲ ತನಕ ಹೋಗಿ ಬರುವನು. ಇನ್ನರ್ಧ ತಿಂದು ಫೋನಿಗೆ ಏಳುವನು. ಮಜ್ಜಿಗೆಯನ್ನು ಅಂಗಳದಲ್ಲಿ ನಿಂತು ಕುಡಿಯುವನು. ಒಂದು ಭಾನುವಾರದ ಊಟದಲ್ಲಿ ಅವನು ಎದ್ದದ್ದಕ್ಕೆಲ್ಲ ನಾನು ಗೀಟು ಎಳೆದೆ. ಏಳು ಆಯಿತು. ಪುಟ ತೋರಿಸಿದರೆ ಕನ್ನಡಕ ಏರಿಸಿ ನೋಡಿ, "ನಿನ್ನ ಲೆಕ್ಕ ತಪ್ಪೈತಿ. ಕೈ ತೊಳಿಯಾಕ ಎದ್ದಿದ್ದು ಬಿಟ್ಟೀ," ಎಂದ. ಹೇಳುವಾಗಲೂ ನಿಂತಿದ್ದ.

"ಕುಂತ ಹತ್ತಿ ಬಣ್ಣ ಕೆಡತೈತಿ," ಎನ್ನುವುದು ಅವನ ವೇದವಾಕ್ಯ.

ಅವನ ಹೆಂಡತಿ, ನನ್ನ ದೊಡ್ಡಮ್ಮ, ಬಿಸಿರೊಟ್ಟಿ ಹಿಡಿದು ಅವನ ಎಲೆಯ ಪಕ್ಕ ನಿಂತಿರುತ್ತಿದ್ದಳು. ಅವನು ಎದ್ದು ಹೋದಾಗ ರೊಟ್ಟಿ ಒಲೆಗೆ ಮರಳುತ್ತಿತ್ತು. ಅವನು ಬಂದಾಗ ಮತ್ತೆ ಎಲೆಗೆ ಬರುತ್ತಿತ್ತು.

ಯಾರ್ಡಿನಲ್ಲಿ ಟೆಂಡರು ಕಂಪ್ಯೂಟರಿಗೆ ಹೋದ ಮೇಲೆ ಟವೆಲಿನ ಕೆಳಗಿನ ಕೆಲಸ ಮುಗಿಯಿತು. ದೊಡ್ಡಪ್ಪ ಮಾತ್ರ ಟವೆಲು ಹೆಗಲಿಗೆ ಹಾಕಿಕೊಂಡು ದಿನವೂ ಹೋಗಿ ಬರುತ್ತಿದ್ದ. ಆಸ್ಪರಿ, ದೇವನಕೊಂಡದ ಕಡೆಯ ರೈತರ ಬೋರೆಚೀಲದಿಂದ ಹತ್ತಿ ಹಿರಿದು, ಎಳೆ ಎಳೆದು ನೋಡಿ, ತಲೆಯಾಡಿಸಿ ಮುಂದಕ್ಕೆ ಹೋಗುತ್ತಿದ್ದ. ಮನೆಯಲ್ಲಿದ್ದರೆ ಬಲಗೈ ಬೆರಳುಗಳು ತೊಡೆಯ ಮೇಲೆ ಸುಮ್ಮಸುಮ್ಮನೆ ಆಡುತ್ತಿದ್ದವು. ಒಂದು ಬೇಸಿಗೆಯಲ್ಲಿ ಎದೆನೋವು ಬಂತು. ಡಾಕ್ಟರು ಎರಡು ಮಾತು ಹೇಳಿದರು: ದಿನಾ ನಡೆಯಿರಿ, ಮನಸ್ಸಿಗೆ ವಿಶ್ರಾಂತಿ ಕೊಡಿ. ದೊಡ್ಡಪ್ಪನಿಗೆ ಮೊದಲನೆಯದು ಮಾತ್ರ ಕೇಳಿಸಿತು.

ಅದಾದ ಮೇಲೆ ಒಂದು ದಿನ ಶೇಂಗಾ ಬಿಡಿಸುತ್ತ ಕೂತಿದ್ದಾಗ ದೊಡ್ಡಮ್ಮ ತಲೆಯೆತ್ತದೆ ಹೇಳಿದಳು: "ನೀ ಫೋನಾಗ ಊರೂರು ನೋಡತಿರತೀ ಅಲ್ಲ, ನಂಗೊಂದು ಜಾಗ ನೋಡಿ ಕೊಡವಾ."

"ಎಂಥ ಜಾಗ?"

"ನಾಕೂ ಕಡಿ ನೀರಿರಬೇಕು. ಈತ ಎದ್ದು ಓಡಿ ಹೋಗಾಕ ಆಗಬಾರದು. ಎದುರಾಬದುರಾ ಕುಂತು ಒಂದು ಊಟ ಮಾಡಬೇಕು ನಾವು. ಮದುವ್ಯಾದಾಗಿಂದ ಮಾಡಿಲ್ಲ. ಈಗ ಎದಿ ಬ್ಯಾರೆ ಹಂಗ ಐತಿ."

ಕಡೆಯ ಮಾತಿಗೆ ಅವಳ ಬೆರಳು ಒಂದು ಶೇಂಗಾದ ಮೇಲೆಯೇ ನಿಂತಿತ್ತು. ಆ ರಾತ್ರಿ ಡೈರಿಯಲ್ಲಿ ಬೇರೇನೂ ಬರೆಯಲಿಲ್ಲ, "ನಾಲ್ಕೂ ಕಡೆ ನೀರು" ಎಂದಷ್ಟೇ ಬರೆದೆ.

ಹುಡುಕಿ ಹುಡುಕಿ ಹೊನ್ನಾವರದ ಕಡೆ ಒಂದು ಕುರುವೆ ಸಿಕ್ಕಿತು. ಹೊಳೆ ಸಮುದ್ರ ಸೇರುವ ಮುಂಚೆ ನಡುನೀರಿನಲ್ಲಿ ಉಳಿದ ದ್ವೀಪ. ತೆಂಗಿನ ಮರ, ಹತ್ತಾರು ಮನೆ, ಸೇತುವೆ ಇಲ್ಲ. ದೋಣಿ ನಡೆಸುವವನೊಬ್ಬ ತನ್ನ ಮನೆಯ ಎರಡು ಕೋಣೆಗಳನ್ನು ಬಂದವರಿಗೆ ಕೊಡುತ್ತಿದ್ದ. ನಾನು ಫೋನು ಮಾಡಿದಾಗ ದೊಡ್ಡಪ್ಪ ಕೈಯಿಂದ ಕಿತ್ತುಕೊಂಡ.

"ದೋಣಿ ಎಷ್ಟೊತ್ತಿಗೆ ಐತ್ರಿ?"

"ನೀರು ಏರಿದ್ರೆ ಬತ್ತದೆ," ಎಂದಿತು ಆ ಕಡೆಯ ದನಿ.

"ಅದು ಎಷ್ಟೊತ್ತಿಗೆ?"

"ಏರಿದಾಗ."

ದೊಡ್ಡಪ್ಪ ಫೋನನ್ನು ನನ್ನ ಕೈಗೆ ತುರುಕಿದ. "ಕೈಗೆ ಕೈ ಸಿಗದ ವ್ಯಾಪಾರ ಇದು. ನಕ್ಕೋ, ಬ್ಯಾಡ."

ಎಷ್ಟು ದಿನ ಎಂಬುದು ಮುಂದಿನ ಜಗಳ. ಅಡುಗೆಮನೆಯ ಹೊಸ್ತಿಲಲ್ಲಿ ನಾನು ದಲ್ಲಾಳಿಯಾಗಿ ಕೂತೆ. ದೊಡ್ಡಪ್ಪ ತನ್ನ ಟವೆಲನ್ನು ನನಗೆ ಕೊಟ್ಟ. ಟವೆಲಿನ ಕೆಳಗೆ ನನ್ನ ಒಂದೇ ಬೆರಳು ಹಿಡಿದು, "ದಿನ," ಎಂದ. ನಾನು ತಿರುಗಿ ದೊಡ್ಡಮ್ಮನ ಕೈಮೇಲೆ ಟವೆಲು ಹಾಸಿದೆ. ಅವಳು ಟವೆಲನ್ನು ಸರಿಸಿ, "ನಂಗ ನಿಮ್ಮ ಬೆರಳಾಟ ಬ್ಯಾಡ. ಬಾಯಿಲೇ ಹೇಳತೀನಿ. ನಾಕು!" ಎಂದಳು.

ದೊಡ್ಡಪ್ಪ ಬೆಚ್ಚಿಬಿದ್ದ. "ದರ ಬಾಯಿಬಿಟ್ಟು ಹೇಳತಾರೇನಬೇ! ಮರ್ಯಾದಿ ಐತಿಲ್ಲ?"

"ಒಂದು ದಿನಕ್ಕ ಸಮುದ್ರದ ತನಕ ಹೋಗತಾರೇನ್ರಿ? ಮರ್ಯಾದಿ ಐತಿಲ್ಲ?"

ನಾನು ಅತ್ತ ಇತ್ತ ಮೂರು ಸುತ್ತು ಕೈ ತಿರುಗಿಸಿ ಎರಡಕ್ಕೆ ತಂದು ನಿಲ್ಲಿಸಿದೆ. ಶನಿವಾರ, ಭಾನುವಾರ. ದೊಡ್ಡಪ್ಪ ಹೆಬ್ಬೆರಳು ಒತ್ತಿದ. ದೊಡ್ಡಮ್ಮ ಎದ್ದು ಹಿಟ್ಟು ನಾದಲು ಹೋದಳು. ಅವಳ ಬೆನ್ನು ನಗುತ್ತಿತ್ತು.

ನಾನು ಯೋಜನೆ ಬರೆದೆ. ಎರಡೂ ದಿನಗಳಿಗೆ ಗಂಟೆಗಂಟೆಯ ಸಾಲು ಎಳೆದು, ಬಹುಪಾಲು ಸಾಲುಗಳ ಎದುರು "ಏನೂ ಇಲ್ಲ" ಎಂದು ಹಾಕಿದೆ. ಹೀಗೂ ಒಂದು ಪಟ್ಟಿ ಇರುತ್ತದೆಯೇ ಎಂದು ಅಪ್ಪ ನಕ್ಕ. ಮರುದಿನ ನೋಡಿದರೆ ಪ್ರತಿ "ಏನೂ ಇಲ್ಲ" ಮೇಲೆ ಪೆನ್ಸಿಲಿನಲ್ಲಿ ಏನೋ ಬಂದು ಕೂತಿತ್ತು. ಗೋಕರ್ಣ. ಮುರುಡೇಶ್ವರ. ಇಡಗುಂಜಿ. ತೆಂಗಿನಕಾಯಿ ದರ ವಿಚಾರಿಸುವುದು. ನಾನು ಅಳಿಸಿದೆ. ಸಂಜೆಗೆ ಮತ್ತೆ ಬಂದವು. ಹೊರಡುವ ಹೊತ್ತಿಗೆ ಆ ಕಾಗದ ಅಲ್ಲಲ್ಲಿ ತೂತು ಬಿದ್ದಿತ್ತು.

"ದೇವರ ಮುಂದರ ಕುಂದರತೀನಲ್ಲ," ಎಂದು ದೊಡ್ಡಪ್ಪ ವಾದಿಸಿದ.

"ದೇವರ ಮುಂದೂ ಕುಂತಿಲ್ರಿ ನೀವು. ಮಂಗಳಾರತಿಗೆ ಮುಂಚೆ ಚಪ್ಪಲಿ ಹುಡುಕಾಕ ಹೋಗತೀರಿ," ಎಂದಳು ದೊಡ್ಡಮ್ಮ.

ಅಪ್ಪ, ಅಮ್ಮ, ಅವರಿಬ್ಬರು, ನಾನು. ಐವರು ಶುಕ್ರವಾರ ಹೊರಟೆವು. ಗುಂತಕಲ್ಲಿನಲ್ಲಿ ಗಾಡಿ ಬದಲಿಸಬೇಕಿತ್ತು. ಹುಬ್ಬಳ್ಳಿಯಿಂದ ಮುಂದಕ್ಕೆ ಬಸ್ಸು. ಗಾಡಿ ನಿಂತ ಕಡೆಯೆಲ್ಲ ದೊಡ್ಡಪ್ಪ ಇಳಿದ. ಬಳ್ಳಾರಿಯಲ್ಲಿ ನೀರಿಗೆ ಇಳಿದ, ಹೊಸಪೇಟೆಯಲ್ಲಿ ಚಹಾಕ್ಕೆ. ಹೆಸರೇ ಓದಲಾಗದ ಒಂದು ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ಯಾಕೆ ನಿಂತಿದೆ ಎಂದು ಕೇಳಲು ಇಳಿದ. ಪ್ರತಿ ಸಲವೂ ದೊಡ್ಡಮ್ಮನ ಕಣ್ಣು ಬಾಗಿಲಿಗೆ ನೆಟ್ಟಿರುತ್ತಿತ್ತು. ಗಾಡಿ ಕದಲಿದ ಮೇಲೆ ಅವನು ಹತ್ತುವನು. ಅವಳು ಉಸಿರು ಬಿಟ್ಟು ಚೀಲವನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುವಳು. ಚೀಲದಲ್ಲಿ ರೊಟ್ಟಿ, ಶೇಂಗಾದ ಚಟ್ನಿಹಿಂಡಿ ಇದ್ದವು. ಅವನ್ನು ಗಾಡಿಯಲ್ಲಿ ಬಿಚ್ಚಲಿಲ್ಲ. ನಾವೆಲ್ಲ ಇಡ್ಲಿ ಕೊಂಡು ತಿಂದೆವು.

ಬೆಳಿಗ್ಗೆ ದಡಕ್ಕೆ ಬಂದಾಗ ನೀರು ಇಳಿದಿತ್ತು. ಎದುರಿಗೆ ಕುರುವೆ ಕಾಣುತ್ತದೆ, ತೆಂಗಿನ ಗರಿ ಅಲ್ಲಾಡುವುದೂ ಕಾಣುತ್ತದೆ, ಆದರೆ ನಡುವೆ ಬರೀ ಕೆಸರು. ದೊಡ್ಡಪ್ಪ ಧೋತರ ಎತ್ತಿಕಟ್ಟಿ ದಡದ ಮೇಲೆ ಅತ್ತಿಂದಿತ್ತ ನಡೆದ. "ಇಷ್ಟು ದೂರಕ್ಕ ಇಷ್ಟೊತ್ತು! ನಮ್ಮ ಕಡೆ ಎತ್ತಿನ ಗಾಡಿ ಹೊಡದಿದ್ರ ಮೂರು ಸಲ ಹೋಗಿ ಬರತಿದ್ವಿ." ಬಿಸಿಲು ನೆತ್ತಿಗೇರಿದ ಮೇಲೆ ನೀರು ಏರಿತು, ದೋಣಿ ಬಂತು. ಅದನ್ನು ನಡೆಸುತ್ತಿದ್ದವನು ನಡುವಯಸ್ಸಿನ ಸಣಕಲ ಮನುಷ್ಯ. ನಾವು ಕಾದದ್ದಕ್ಕೆ ಕ್ಷಮೆಯನ್ನೂ ಕೇಳಲಿಲ್ಲ, ಕಾರಣವನ್ನೂ ಹೇಳಲಿಲ್ಲ. "ಬನ್ನಿ, ನೀರು ಬಂತು," ಎಂದ.

ಕುರುವೆಯಲ್ಲಿ ಮಾಡಲು ನಿಜಕ್ಕೂ ಏನೂ ಇರಲಿಲ್ಲ. ಅಪ್ಪ ಅಮ್ಮ ಊಟ ಮಾಡಿ ಮಲಗಿದರು. ದೊಡ್ಡಪ್ಪ ದ್ವೀಪ ನೋಡಿ ಬರುತ್ತೇನೆಂದು ಹೊರಟ. ದಡದ ದಾರಿ ಹಿಡಿದು ಹೋದವನು ಬೇಗನೆ ಇನ್ನೊಂದು ಕಡೆಯಿಂದ ಬಂದು ಅದೇ ಅಂಗಳದಲ್ಲಿ ನಿಂತ. ಸುತ್ತ ನೋಡಿದ. ದಿಕ್ಕು ತಪ್ಪಿತೆಂದುಕೊಂಡು ಮತ್ತೆ ಹೊರಟ. ಮತ್ತೆ ಬಂದ.

"ಎಲ್ಲಿ ಹೋದರೂ ಇಲ್ಲಿಗೇ ಬರತೈತಲ್ಲೇ ಇದು!"

"ಮತ್ತ ದ್ವೀಪ ಅಂದ್ರ ಏನು ತಿಳಕೊಂಡಿದ್ರಿ?" ಎಂದಳು ದೊಡ್ಡಮ್ಮ. ಜಗಲಿಯ ಮೇಲೆ ಎರಡು ಮಣೆ ಎದುರುಬದುರು ಹಾಕಿ, ರೊಟ್ಟಿಯ ಗಂಟನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು. ಅವನು ಮಣೆಯನ್ನು ನೋಡಿದ. "ಒಂದು ಸುತ್ತು ಹಾಕಿ ಬಂದೆ," ಎಂದು ಹೋದ. ಸಂಜೆಯ ತನಕ ಸುತ್ತಿದ. ಕತ್ತಲಾದ ಮೇಲೆ ಆ ಮನೆಯವರು ಬಡಿಸಿದ ಅನ್ನವನ್ನು ಕಟ್ಟೆಯ ಮೇಲೆ ನಿಂತು ಉಂಡ. ದೊಡ್ಡಮ್ಮ ಗಂಟನ್ನು ಬಿಚ್ಚದೆ ಚೀಲಕ್ಕೆ ಹಾಕಿದಳು. ಮಣೆಗಳನ್ನು ಎತ್ತಿ ಗೋಡೆಗೆ ಒರಗಿಸುವಾಗ ಸದ್ದು ಸ್ವಲ್ಪ ಜೋರಾಗಿಯೇ ಆಯಿತು. ನನ್ನ ಪಟ್ಟಿಯಲ್ಲಿ ಇನ್ನೊಂದೇ ದಿನ ಉಳಿದಿತ್ತು. ನನಗೂ ನಿದ್ದೆ ಬರಲಿಲ್ಲ.

ಭಾನುವಾರ ನೀರು ಏರುವ ಹೊತ್ತಿಗೆ ದೊಡ್ಡಪ್ಪ ದೋಣಿಕಟ್ಟೆಯಲ್ಲಿದ್ದ. ಅದಾಗಲೇ ಚೀಲ ತುಂಬಿಟ್ಟಿದ್ದ. ನಮ್ಮ ವಾಪಸ್ಸಿನ ದೋಣಿ ರಾತ್ರಿಯ ನೀರಿಗೆ. ಅಷ್ಟು ಹೊತ್ತು ಅಲ್ಲಿರಲು ಅವನಿಂದ ಆಗುತ್ತಿರಲಿಲ್ಲ. ಸಂಜೆ ಐದಕ್ಕೇ ಹೊರಡಿಸಬೇಕು, ಅದನ್ನು ಹೆಂಡತಿಗೆ ತಿಳಿಯದ ಹಾಗೆ ಕುದುರಿಸಬೇಕು. ದೊಡ್ಡಮ್ಮನೂ ನಾನೂ ಆಚೆ ತೆಂಗಿನ ಬುಡದಲ್ಲಿ ಕೂತಿದ್ದೆವು. ಅವಳ ಮಡಿಲಲ್ಲಿ ಅದೇ ಚೀಲ.

ದೋಣಿಯವನು ಹೊಳೆಗೆ ಹೋಗಲು ದೋಣಿಯಲ್ಲಿ ನಿಂತು ಹಗ್ಗ ಬಿಚ್ಚುತ್ತಿದ್ದ. ದೊಡ್ಡಪ್ಪ ಹತ್ತಿರ ಹೋಗಿ, ಅತ್ತಿತ್ತ ನೋಡಿ, ಹೆಗಲ ಟವೆಲನ್ನು ಅವನ ಕೈಮೇಲೆ ಹಾಸಿದ. "ಗಂಟಿ," ಎಂದು ಮೆಲ್ಲಗೆ ಹೇಳಿ, ಟವೆಲಿನ ಕೆಳಗೆ ಅವನ ಇಡೀ ಕೈ ಹಿಡಿದ. ಐದು ಗಂಟೆ.

ಸಮುದ್ರದ ಕಡೆಯವನಿಗೆ ಹತ್ತಿ ಯಾರ್ಡಿನ ಭಾಷೆ ಹೇಗೆ ಗೊತ್ತಿರಬೇಕು? ವಯಸ್ಸಾದವರೊಬ್ಬರು ಬಂದು ತನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಾರೆ. ದೋಣಿ ಹತ್ತಲು ಆಸರೆ ಕೇಳುತ್ತಿದ್ದಾರೆಂದು ತಿಳಿದ.

"ನಿಧಾನ ಅಜ್ಜ, ಕಾಲು ಇತ್ಲಾಗೆ ಇಡಿ," ಎಂದವನೇ ಇನ್ನೊಂದು ಕೈಯನ್ನು ಕಂಕುಳಿಗೆ ಕೊಟ್ಟು ದೊಡ್ಡಪ್ಪನನ್ನು ಎತ್ತಿ ದೋಣಿಯೊಳಗೆ ಕೂರಿಸಿಬಿಟ್ಟ.

ದೊಡ್ಡಮ್ಮ ಏನಾಗಿದೆಯೆಂದು ಒಂದು ಕ್ಷಣದಲ್ಲಿ ತಿಳಿದಳು. ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ನಗುತ್ತಲೇ ಎದ್ದು, ಸೀರೆ ಎತ್ತಿಹಿಡಿದು ಕಟ್ಟೆ ಇಳಿದಳು. "ನನ್ನೂ ಹತ್ತಸಪ್ಪಾ. ಬಾರವಾ ನೀನೂ!"

ದೋಣಿ ಹೊಳೆಯ ನಡುವಿಗೆ ಬಂತು. ದೊಡ್ಡಪ್ಪ ಏಳಲು ನೋಡಿದ. ದೋಣಿ ಒಂದು ಬದಿಗೆ ವಾಲಿತು.

"ಎದ್ರೆ ಎಲ್ಲರೂ ನೀರಿಗೆ. ಕೂತ್ಕಣಿ," ಎಂದ ದೋಣಿಯವನು.

ದೊಡ್ಡಪ್ಪ ಕೂತ. ಇನ್ನೊಮ್ಮೆ ಅರ್ಧ ಎದ್ದ, ಮತ್ತೆ ಕೂತ. "ವಾಪಸ್ ಯಾವಾಗ?" ಎಂದು ಕೇಳಿದ.

"ಹೊಳೆ ತಿರುಗಿದ ಮೇಲೆ."

"ಅದು ಎಷ್ಟೊತ್ತಿಗೆ?" ಎಂದು ಕೇಳಲು ಬಾಯಿ ತೆರೆದವನು, ಉತ್ತರ ನೆನಪಾಗಿ ಮುಚ್ಚಿದ.

ಎದುರಿನ ಹಲಗೆಯ ಮೇಲೆ ದೊಡ್ಡಮ್ಮ. ದೋಣಿ ಎಷ್ಟು ಸಣ್ಣದೆಂದರೆ ಇಬ್ಬರ ಮೊಣಕಾಲುಗಳೂ ತಾಗುತ್ತಿದ್ದವು. ಅವಳು ಚೀಲ ಬಿಚ್ಚಿದಳು. ಮೂರು ದಿನದ ರೊಟ್ಟಿ ಖಡಕ್ಕಾಗಿತ್ತು. ಮುರಿದು ಹಿಂಡಿ ಸವರಿ ಅವನಿಗೊಂದು ಕೊಟ್ಟಳು, ದೋಣಿಯವನಿಗೆ, ನನಗೆ, ಕಡೆಗೆ ತಾನೊಂದು ಇಟ್ಟುಕೊಂಡಳು. ದೊಡ್ಡಪ್ಪ ತಿಂದ. ಬಾಗಿಲ ತನಕ ಹೋಗಿ ಬರೋಣವೆಂದರೆ ಬಾಗಿಲೇ ಇರಲಿಲ್ಲ. ಎರಡನೆಯ ರೊಟ್ಟಿಗೆ ಅವನ ಹಿಮ್ಮಡಿ ಕೆಳಗಿಳಿಯಿತು.

"ಹಿಂಡಿಗೆ ಬೆಳ್ಳುಳ್ಳಿ ಜಾಸ್ತಿ ಹಾಕೀ," ಎಂದ.

"ಯಾವಾಗಲೂ ಅಷ್ಟ ಹಾಕತೀನ್ರಿ. ಇವತ್ತು ರುಚಿ ಹತ್ತೈತಿ ನಿಮಗ."

ಹೊಳೆ ತಿರುಗುವ ತನಕ ದೊಡ್ಡಪ್ಪ ದೋಣಿಯವನಿಗೆ ಬೆರಳ ಲೆಕ್ಕ ಕಲಿಸಿದ. ಅವನು ಪ್ರತಿ ಸಲವೂ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿ ಬೈಸಿಕೊಂಡ. ದಡ ಹತ್ತಿರವಾದಾಗ ದೊಡ್ಡಪ್ಪ ಏನೂ ಹೇಳದೆ ಟವೆಲನ್ನು ದೊಡ್ಡಮ್ಮನ ಕೈಮೇಲೆ ಹಾಸಿದ. ಈ ಸಲ ಅವಳು ಸರಿಸಲಿಲ್ಲ. ಕೆಳಗೆ ಏನಾಯಿತೆಂದು ನನಗೆ ಕಾಣಲಿಲ್ಲ. ಕಾಣಬಾರದೆಂದೇ ಟವೆಲು ಇರುವುದು. ಮನೆಗೆ ಬಂದ ಮೇಲೆ ಅವಳೇ ಹೇಳಿದಳು. ಮುಂದಿನ ಸಲ ನಾಲ್ಕು ದಿನ. ಹೆಬ್ಬೆರಳು ಒತ್ತಿದ್ದಾನೆ.

ಇದರಿಂದ ದೊಡ್ಡಪ್ಪ ಬದಲಾದ ಎಂದರೆ ಸುಳ್ಳಾಗುತ್ತದೆ. ವಾಪಸ್ಸು ಬರುವಾಗ ಗಾಡಿ ನಿಂತ ಕಡೆಯೆಲ್ಲ ಇಳಿದ. ಮರುದಿನ ಯಾರ್ಡಿಗೆ ಹೋದ. ಊಟದಲ್ಲಿ ಮೊದಲಿನಂತೆಯೇ ಎದ್ದ. ಒಂದೇ ವ್ಯತ್ಯಾಸ: ಆಗಾಗ ನನ್ನ ಕೋಣೆಗೆ ಬಂದು ನಿಂತು, "ಟಿಕೀಟು ನೋಡಿದೇನು? ಜಲ್ದಿ ನೋಡು. ಮಾತು ಕೊಟ್ಟೀನಿ," ಎನ್ನುತ್ತಿದ್ದ. ನಿಧಾನವಾಗಿ ಕೂರಲು ಹೋಗುವುದಕ್ಕೂ ಅವನಿಗೆ ಅವಸರ.

ಟಿಕೀಟು ಸಿಕ್ಕಿತು. ಹೊಸ ಹತ್ತಿ ಬರಲು ಶುರುವಾದ ದಿನಗಳು. ನಾವು ಹೊರಡಲು ಇನ್ನೊಂದು ವಾರ ಇದ್ದಾಗ ಬೆಳಿಗ್ಗೆ ಯಾರ್ಡಿನಿಂದ ಅಪ್ಪನಿಗೆ ಫೋನು ಬಂತು. ಗೋನೆಗಂಡ್ಲದ ರೈತನೊಬ್ಬ ಮಾಡಿದ್ದ. ಅವನು ಹೇಳಿದ್ದು ಇಷ್ಟೇ: "ನಿಮ್ಮಣ್ಣ ಚಹಾದಂಗಡಿ ಮುಂದ ಕುರ್ಚಿ ಮ್ಯಾಲ ಕುಂತಾನ್ರಿ. ಭಾಳ ಹೊತ್ತಾತು."

ಬೇರೆ ಯಾರ ಮನೆಗಾದರೂ ಇದು ಸುದ್ದಿಯೇ ಅಲ್ಲ. ಅಪ್ಪ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ದೊಡ್ಡಮ್ಮ ಒಲೆಯ ಮುಂದಿನಿಂದ ಎದ್ದು ಬಂದು, "ಏನಂತ?" ಎಂದು ಕೇಳಿದಳು. "ದೊಡ್ಡಪ್ಪ ಕೂತಿದ್ದಾನಂತೆ," ಎಂದೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಲ್ಲಿಗೆ ಅವಳಿಗೆ ತಿಳಿದಿತ್ತು. ಬಲಗೈ ಟವೆಲಿನ ಕೆಳಗಿತ್ತಂತೆ. ಎಡಗೈಯಲ್ಲಿ ಹೊಸ ಹತ್ತಿಯ ಒಂದು ಹಿಡಿ.

ಮಣ್ಣು ಮಾಡಿ, ಕಾರ್ಯಗಳೆಲ್ಲ ಮುಗಿದು, ನೆಂಟರು ಹೋದ ಮೇಲೆ ನಾನು ಟಿಕೀಟು ರದ್ದಾದದ್ದನ್ನು ಡೈರಿಯಲ್ಲಿ ಬರೆದಿಟ್ಟೆ. ಕೆಲವು ತಿಂಗಳು ಕಳೆದವು. ಒಂದು ದಿನ ದೊಡ್ಡಮ್ಮ ನನ್ನ ಕೋಣೆಗೆ ಬಂದು, ಥೇಟು ಅವನ ಹಾಗೆ, ನಿಂತೇ ಕೇಳಿದಳು: "ಟಿಕೀಟು ನೋಡಿದೇನು?"

ಅಮ್ಮ ಅಡುಗೆಮನೆಯಿಂದ, "ಅಕ್ಕಾ, ವರ್ಷ ತುಂಬಿಲ್ಲ. ಮಂದಿ ಏನಂದಾರು?" ಎಂದಳು.

"ಮಂದಿ ಯಾರ್ಡಿನಾಗ ಅದಾರ. ಅವರಿಗೇ ಕೇಳು, ಹೆಬ್ಬಟ್ಟು ಒತ್ತಿದ ಮ್ಯಾಲ ವ್ಯಾಪಾರ ಮುರಿತಾರೇನು ಅಂತ."

ನಾವಿಬ್ಬರೇ ಹೋದೆವು. ಅವಳು ಅವನ ಟವೆಲನ್ನು ಒಗೆದು ಮಡಿಸಿ ಹೆಗಲ ಮೇಲೆ ಹಾಕಿಕೊಂಡಿದ್ದಳು. ಗಾಡಿ ನಿಂತಾಗಲೆಲ್ಲ ಅವಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ದಡದಲ್ಲಿ ನೀರು ಏರುವ ತನಕ ಕಾದೆವು. ದೋಣಿ ಬಂತು.

"ಅಜ್ಜ ಬರ್ಲಿಲ್ವ?" ಎಂದ ದೋಣಿಯವನು.

"ಇಲ್ಲಪ್ಪ. ಆತ ತೀರಿಕೊಂಡ."

ಅವನು ಹುಟ್ಟನ್ನು ಕೆಳಗಿಟ್ಟ. ಆಮೇಲೆ ಅವಳನ್ನು ಹತ್ತಿಸಿಕೊಳ್ಳಲು ಕೈ ಚಾಚಿದ. ದೊಡ್ಡಮ್ಮ ಆ ಕೈಯನ್ನು ಹಿಡಿಯಲಿಲ್ಲ. ಹೆಗಲಿನಿಂದ ಟವೆಲು ತೆಗೆದು ಅದರ ಮೇಲೆ ಹಾಸಿದಳು. "ದಿನ," ಎಂದಳು. ಟವೆಲಿನ ಕೆಳಗೆ ಅವಳ ಕೈ ಅವನ ಬೆರಳುಗಳನ್ನು ಹುಡುಕುತ್ತಿರುವುದು ಕಂಡಿತು.

ದೋಣಿಯವನ ಮುಖ ಅರಳಿತು. "ನಾಲ್ಕಾ, ಅಮ್ಮ?"

"ದರ ಬಾಯಿಬಿಟ್ಟು ಹೇಳತಾರೇನಪ್ಪಾ," ಎಂದಳು ದೊಡ್ಡಮ್ಮ.

ಅವನು ನಾಲಿಗೆ ಕಚ್ಚಿಕೊಂಡ. ಹೆಬ್ಬೆರಳು ಒತ್ತಿದ. ಅವಳು ದೋಣಿ ಹತ್ತಿ ತನ್ನ ಹಲಗೆಯ ಮೇಲೆ ಕೂತು, ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ನಾನು ಎದುರಿನ ಹಲಗೆಯನ್ನು ಖಾಲಿ ಬಿಟ್ಟು, ದೋಣಿಯ ಮೂತಿಯ ಹತ್ತಿರ ಹೋಗಿ ಕೂತೆ.